ದನ ಅದಾ?

ಯಳಂದೂರು
5 ಡಿಸೆಂಬರ್ 2023

ಮುತ್ತಯ್ಯನವರಿಗೆ ಮಾಲಿನಿಯ ನಮಸ್ಕಾರ.

ಎರಡು ವರ್ಷ ದಿನಕ್ಕೆ ಇಪ್ಪತ್ತು ಸಲ ವಾಕಿಟಾಕಿಯಲ್ಲಿ ಮಾತಾಡಿದ ನಾವು ಈಗ ಅಂಚೆಯಲ್ಲಿ ಮಾತಾಡುವ ಹಾಗಾಗಿದೆ. ನಿಮ್ಮ ಜೊತೆ ಫೋನಿನಲ್ಲಿ ಮಾತಾಡಕೂಡದು, ಎದುರಿಗೆ ಸಿಗಕೂಡದು ಎಂದು ಕಂಪನಿಯ ವಕೀಲರು ಹೇಳಿದ್ದಾರೆ. ಕಾಗದ ಬರೆಯಕೂಡದು ಎಂದು ಹೇಳಿಲ್ಲ. ಈಗಿನ ಕಾಲದಲ್ಲಿ ಯಾರು ಬರೆಯುತ್ತಾರೆ ಎಂದುಕೊಂಡಿರಬೇಕು.

ನಿಮಗೆ ಜಾಮೀನು ಸಿಕ್ಕಿತು, ರಾಮಾಪುರಕ್ಕೆ ಹೋದಿರಿ ಎಂದು ಕ್ಯಾಂಟೀನಿನ ಪುಟ್ಟಬಸಪ್ಪ ಹೇಳಿದರು. ಹನ್ನೊಂದು ದಿನ ಒಳಗಿದ್ದಿರಂತೆ. ಹೊಡೆದರಾ? ಊಟ ಕೊಟ್ಟರಾ? ನಿಮ್ಮ ಬಿಪಿ ಮಾತ್ರೆಗಳು ರೇಡಿಯೋ ರೂಮಿನ ಕಿಟಕಿಯಲ್ಲೇ ಇದ್ದವು, ಪುಟ್ಟಬಸಪ್ಪನವರ ಕೈಯಲ್ಲಿ ಕಳಿಸಿದ್ದೇನೆ.

ನೀವು ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ನನಗೂ ತೋರಿಸಿದರು. ಅದರಲ್ಲಿ ಹೀಗಿದೆ: "ನವೆಂಬರ್ 17ರ ಸಂಜೆ 5-20ಕ್ಕೆ, ಕೊಳ್ಳೇಗಾಲದ ಹೊರಗಿರುವ ವಿಮಾನ ತರಬೇತಿ ಶಾಲೆಯ ರನ್‌ವೇಯ ಮೂಡಲ ತುದಿಯಲ್ಲಿ ಕಾವಲಿದ್ದ ನಾನು, ರೇಡಿಯೋ ರೂಮಿನಿಂದ ಕೇಳಿದ್ದಕ್ಕೆ ‘ಅದೆ’ ಎಂದು ಹೇಳಿದ್ದು ನಿಜ. ಸದರಿ ಮಾತನ್ನು ನಂಬಿ ಇಳಿದ ವಿಮಾನವು ಎಮ್ಮೆಗೆ ಡಿಕ್ಕಿ ಹೊಡೆದು ಮಗುಚಿ, ಒಬ್ಬನೇ ಹಾರಿಸುತ್ತಿದ್ದ ವಿದ್ಯಾರ್ಥಿ ಬಿಳಿಗಿರಿ ಮೃತಪಟ್ಟಿರುತ್ತಾನೆ."

ಇದಕ್ಕೆ ನೀವು ಓದಿ ರುಜು ಹಾಕಿದಿರಾ, ಅವರೇ ಹಾಕಿಸಿಕೊಂಡರಾ? ಆ ಮಾತು ನೀವೇ ಆಡಿದ್ದಾ? ಇಷ್ಟು ಮಾತ್ರ ತಿಳಿಸಿ.

ಇಂತಿ,
ಮಾಲಿನಿ

—

ರಾಮಾಪುರ
20 ಡಿಸೆಂಬರ್ 2023

ಮಾಲಿನಿ ಮೇಡಂ ಅವರಿಗೆ ಮುತ್ತಯ್ಯ ಮಾಡುವ ನಮಸ್ಕಾರ.

ಬರೆಯುತ್ತಿರುವವಳು ಮಗಳು ರಾಣಿ. ಅಪ್ಪನಿಗೆ ರುಜು ಹಾಕುವಷ್ಟು ಅಕ್ಷರ ಬರುತ್ತದೆ, ಅದೇ ಈಗ ಕುತ್ತಿಗೆಗೆ ಬಂದಿದೆ. ಅವರು ಹೇಳಿದ್ದನ್ನು ನಾನು ನೆಟ್ಟಗೆ ಮಾಡಿ ಬರೆದಿದ್ದೇನೆ. ಸ್ಟೇಷನ್ನಿನವರ ಹಾಗೆ ನನ್ನದೇನೂ ಸೇರಿಸಿಲ್ಲ.

ಮಾತ್ರೆ ತಲುಪಿದವು. ಹೊಡೆಯಲಿಲ್ಲ. ಒಬ್ಬ ಪೇದೆ ನನ್ನನ್ನು ನೋಡಿದಾಗಲೆಲ್ಲ ಕೈ ಎರಡೂ ಚಾಚಿ ವಿಮಾನದ ಹಾಗೆ ಓಡಾಡಿ ತೋರಿಸುತ್ತಿದ್ದ, ಅಷ್ಟೇ. ಹೊಡೆದಿದ್ದರೇ ವಾಸಿಯಿತ್ತು.

ಆ ಮಾತು ನನ್ನದೇ. ಯಾರೂ ಹೇಳಿಕೊಟ್ಟಿಲ್ಲ. ನಡೆದದ್ದು ಹೀಗೆ. ಬಿಳಿಗಿರಿಯ ವಿಮಾನ ಚಿಲಕವಾಡಿ ಕಡೆಯಿಂದ ತಿರುಗಿ ನನ್ನ ತಲೆಯ ಮೇಲೆ ಬರುವುದರಲ್ಲಿತ್ತು. ಆ ಹೊತ್ತಿಗೆ ಮುರಿದ ಬೇಲಿಯಲ್ಲಿ ಒಂದು ಎಮ್ಮೆ ನುಗ್ಗಿ ಟಾರಿನ ನಡುವೆ ನಿಂತಿತು. ಆ ಬೇಲಿ ಮುರಿದಿದೆಯೆಂದು ನಾನು ಮೂರು ಸಲ ಹೇಳಿದ್ದೆ, ನಿಮಗೂ ಗೊತ್ತು. ಕೆರೆಗೆ ಹೋಗುವ ಹಳೆಯ ದಾರಿ ಅದು. ದನಗಳಿಗೆ ಅಲ್ಲಿ ಕಂಪನಿ ಬಂದಿದೆಯೆಂದು ಯಾರು ಹೇಳುತ್ತಾರೆ? ನಾನು ಕೆಂಪು ಬಟ್ಟೆ ಹಿಡಿದು ಓಡಿದೆ. ಓಡುತ್ತಿರುವಾಗಲೇ ನೀವು ವಾಕಿಟಾಕಿಯಲ್ಲಿ ಕೇಳಿದಿರಿ. ಗಾಳಿಗೆ ಮೊದಲ ಮಾತು ಹಾರಿಹೋಯಿತು, "ಅದಾ?" ಅನ್ನುವುದು ಮಾತ್ರ ಕೇಳಿಸಿತು. ಅಷ್ಟೇ ಸಾಕಾಗಿತ್ತು. ಆರು ವರ್ಷದಿಂದ ಅದೊಂದೇ ಮಾತಲ್ಲವೇ ಕೇಳುತ್ತಿದ್ದದ್ದು?

ಇಲ್ಲಿಂದ ಮುಂದೆ ಅಪ್ಪನ ಮಾತನ್ನು ಹಾಗೆಯೇ ಬರೆಯುತ್ತೇನೆ: "ಎಮ್ಮೆ ಇತ್ತು, ಅದ್ಕೇ ಅದೆ ಅಂದೆ ಕಣವ್ವ. ಎಲ್ಡು ಸಲ ಅಂದೆ. ಇಲ್ದಿದ್ರೆ ಇಲ್ಲ ಅಂತಿರ್ನಿಲ್ವಾ? ನಾನು ಅದೆ ಅಂದ್ಮೇಲೂ ನೀವು ಇಮಾನ ಯಾಕ್ ಬುಟ್ರಿ?"

ಇದೊಂದು ತಿಳಿಯದೆ ಅನ್ನ ಇಳಿಯುತ್ತಿಲ್ಲ. ಸ್ಟೇಷನ್ನಿನಲ್ಲಿ ಕೇಳಿದರೆ ನಕ್ಕರು.

ಮುತ್ತಯ್ಯ (ರುಜು)

—

ಯಳಂದೂರು
8 ಜನವರಿ 2024

ಮುತ್ತಯ್ಯನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಓದಿದಾಗಲೆಲ್ಲ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದೇನೆ. ನಮ್ಮಮ್ಮ ನನಗೆ ಜ್ವರವೆಂದುಕೊಂಡು ಕಷಾಯ ಮಾಡಿಕೊಟ್ಟರು.

ನಿಮಗೆ ಬಿಡಿಸಿ ಹೇಳಬೇಕು. ರನ್‌ವೇ ನಡುವೆ ಉಬ್ಬು ಇರುವುದರಿಂದ ನನ್ನ ಕಿಟಕಿಗೆ ಮೂಡಲ ಅರ್ಧ ಕಾಣುವುದಿಲ್ಲ. ಅಲ್ಲಿಗೆ ನೀವೇ ನನ್ನ ಕಣ್ಣು. ಈ ಕೆಲಸವನ್ನು ನನಗೆ ಕಲಿಸಿದ ಶಾಂತಮೂರ್ತಿ ಮೇಷ್ಟ್ರು ಪೊಲೀಸ್ ವೈರ್‌ಲೆಸ್ಸಿನಲ್ಲಿದ್ದವರು. ಮೊದಲ ತಿಂಗಳೇ ಅವರು, ಇಲ್ಲಿ ಇಂಗ್ಲಿಷೆಲ್ಲ ಬೇಡ, ಈ ರನ್‌ವೇಗೆ ಇರುವುದು ಒಂದೇ ಕಾಟ, ಅದನ್ನೇ ಕೇಳು ಎಂದರು. ಹಾಗಾಗಿ "ದನ ಅದಾ?" ಎಂದು ಅವರು ಮೊದಲಿನಿಂದ ಕೇಳುತ್ತಿದ್ದದ್ದೇ ನನ್ನ ಪ್ರಶ್ನೆಯೂ ಆಯಿತು. ನೀವು "ಇಲ್ಲ" ಎಂದರೆ ವಿಮಾನ ಇಳಿಯಬಹುದು, "ಅದೆ" ಎಂದರೆ ಇಳಿಯಬಾರದು. ಮೇಷ್ಟ್ರು ಹೋದ ವರ್ಷ ತೀರಿಕೊಂಡರು, ಪ್ರಶ್ನೆ ಮಾತ್ರ ಉಳಿದುಕೊಂಡಿತು.

ನವೆಂಬರ್ 14ರಂದು ಹೊಸ ಮುಖ್ಯ ತರಬೇತುದಾರರು ಅದನ್ನು ತೆಗೆದುಹಾಕಿದರು. ತಪಾಸಣೆಯವರು ಕೇಳಿದರೆ ನಗುತ್ತಾರೆ, ಎಲ್ಲ ಕಡೆ ಕೇಳುವ ಹಾಗೆ "ರನ್‌ವೇ ಕ್ಲಿಯರಾ?" ಎಂದೇ ಕೇಳಬೇಕು ಎಂದು ನೋಟೀಸು ಅಂಟಿಸಿದರು. ಕ್ಲಿಯರ್ ಎಂದರೆ ಖಾಲಿ. 17ರ ಸಂಜೆ ನಾನು ಕೇಳಿದ್ದು, "ಕ್ಲಿಯರ್ ಅದಾ?" ಎಂದು. ನಿಮಗೆ ಕೊನೆಯ ಮಾತು ಮಾತ್ರ ಕೇಳಿಸಿತು. ನೀವು ಎಮ್ಮೆ ಅದೆ ಎಂದಿರಿ. ನಾನು ಖಾಲಿ ಅದೆ ಎಂದುಕೊಂಡೆ.

ಹೊಸ ಪ್ರಶ್ನೆಯ ವಿಷಯ ನಿಮಗೆ ಗೊತ್ತಾಗಿರುತ್ತದೆ ಎಂದುಕೊಂಡಿದ್ದೆ. ಅಂದು ಗಾಳಿಯೂ ಜೋರಿತ್ತು. ಬಿಸಿಲು ಬಿಳಿಗಿರಿಯ ಕಣ್ಣಿಗೆ ನೇರ ಹೊಡೆಯುತ್ತಿತ್ತು, ಎಮ್ಮೆ ಅವನಿಗೆ ಕಂಡದ್ದು ಚಕ್ರ ನೆಲ ಮುಟ್ಟಿದ ಮೇಲೆಯೇ ಇರಬೇಕು. ಬೇಲಿ ಇದ್ದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ಒಬ್ಬರ ತಪ್ಪು ಎಂದು ಹೇಳುವ ಹಾಗಿಲ್ಲ. ಆ ಬೇಲಿಯನ್ನು ಈಗ ಎರಡೇ ದಿನದಲ್ಲಿ ಹಾಕಿಸಿದ್ದಾರೆ. ಎಮ್ಮೆ ನನ್ನದು ಎಂದು ಇವತ್ತಿನವರೆಗೆ ಒಬ್ಬರೂ ಬಂದಿಲ್ಲ.

ಇಂತಿ,
ಮಾಲಿನಿ

—

ರಾಮಾಪುರ
2 ಫೆಬ್ರವರಿ 2024

ಮೇಡಂ ಅವರಿಗೆ ಮುತ್ತಯ್ಯನ ನಮಸ್ಕಾರ.

ಈಗ ಅರ್ಥವಾಯಿತು. ಅರ್ಥವಾಗಿ ಇನ್ನೂ ಕಷ್ಟವಾಗಿದೆ. ಇಷ್ಟು ದಿನ ನೀವು ನನ್ನ ಮಾತು ತೆಗೆದುಹಾಕಿದಿರಿ ಎಂದು ಸಿಟ್ಟಿತ್ತು. ಈಗ ಆ ಹುಡುಗ ನನ್ನ ಬಾಯಿಮಾತಿನಿಂದಲೇ ಇಳಿದ ಎಂದು ಗೊತ್ತಾಯಿತು. ಹತ್ತಿರಕ್ಕೆ ಮೊದಲು ಓಡಿದವನೂ ನಾನೇ. ವಿಮಾನ ಚರಂಡಿಯಲ್ಲಿ ಮಗುಚಿಕೊಂಡಿತ್ತು. ಬೆಲ್ಟು ಬಿಚ್ಚಲು ನನಗೆ ಬರಲಿಲ್ಲ. ಅದನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ.

ಹೊಸ ಪ್ರಶ್ನೆಯ ವಿಷಯ ನನಗೆ ಯಾರೂ ಹೇಳಲಿಲ್ಲ. 14ರಿಂದ 16ರವರೆಗೆ ನಾನು ಕೌದಳ್ಳಿಯಲ್ಲಿದ್ದೆ, ಅಕ್ಕನ ತಿಥಿಗೆ. ರಜಾ ಕೊಟ್ಟವರು ನೀವೇ. 17ಕ್ಕೆ ಬಂದೆ.

ಹನೂರಿನಲ್ಲಿ ಒಬ್ಬ ಸರ್ಕಾರಿ ವಕೀಲರನ್ನು ನಮಗೆ ಕೊಟ್ಟಿದ್ದಾರೆ. ಕಂಪನಿ ಪೊಲೀಸರಿಗೆ ಕೊಟ್ಟ ಒಂದು ಕಾಗದದ ಫೋಟೋವನ್ನು ಅವರು ತೋರಿಸಿದರು. ಹೊಸ ಪ್ರಶ್ನೆಯನ್ನು ಎಲ್ಲರಿಗೂ ತಿಳಿಸಲಾಗಿದೆ ಎಂದು ಇಂಗ್ಲಿಷಿನಲ್ಲಿದೆಯಂತೆ. ಕೆಳಗೆ ನಾಲ್ಕು ಹೆಸರು, ಮುಂದೆ ಟಿಕ್ಕು. ಮೂರನೆಯದು ನನ್ನ ಹೆಸರು. ದಿನಾಂಕ 15 ಎಂದಿದೆ. ಅವತ್ತು ನಾನು ಕೌದಳ್ಳಿಯಲ್ಲಿ ಎಲೆ ತೆಗೆಯುತ್ತಿದ್ದೆ. ತಿಥಿಗೆ ಬಂದವರನ್ನೆಲ್ಲ ಸಾಕ್ಷಿಗೆ ಕರೆದರೂ, ಆಮೇಲೆ ಬಂದ ದಿನ ಹೇಳಿದೆವು ಎಂದು ಕಂಪನಿಯವರು ಹೇಳುತ್ತಾರೆ ಎನ್ನುತ್ತಾರೆ ವಕೀಲರು. ಆ ಟಿಕ್ಕು ಹಾಕಿದವರು ಯಾರು ಎಂದು ನಿಮಗೆ ಗೊತ್ತಿದ್ದರೆ ತಿಳಿಸಿ. ದೆಹಲಿಯಿಂದ ವಿಚಾರಣೆಯವರು ಬರುತ್ತಾರಂತೆ, ಅವರು ಬರೆದದ್ದನ್ನು ನೋಡಿಕೊಂಡು ಪೊಲೀಸರು ನನ್ನ ಮೇಲೆ ಕೇಸು ನಡೆಸುವುದಾ ಬಿಡುವುದಾ ಎಂದು ತೀರ್ಮಾನಿಸುತ್ತಾರಂತೆ.

ಮುತ್ತಯ್ಯ (ರುಜು)

ಇದು ರಾಣಿ. ಅಪ್ಪ ಹೇಳದೇ ಇರುವುದನ್ನು ನಾನು ಬರೆಯುತ್ತಿದ್ದೇನೆ, ಮೊದಲ ಸಲ. ಅಪ್ಪನ ಡ್ಯೂಟಿ ಚೀಟಿಗಳು ಎರಡು ವರ್ಷದ್ದು ನಮ್ಮ ಮನೆಯ ಮೊಳೆಗೆ ಚುಚ್ಚಿವೆ. ಪ್ರತಿ ಚೀಟಿಯಲ್ಲೂ ನಿಮ್ಮ ಟಿಕ್ಕಿದೆ. ನೀವು ಟಿಕ್ಕು ಹಾಕಿ ಕೆಳಗೆ ಒಂದು ಚುಕ್ಕೆ ಇಡುತ್ತೀರಿ. ಬೇರೆ ಯಾರೂ ಹಾಗೆ ಇಡುವುದನ್ನು ನಾನು ನೋಡಿಲ್ಲ. ಫೋಟೋದಲ್ಲಿ ಚುಕ್ಕೆ ಇದೆ. ಅಪ್ಪನಿಗೂ ಕಂಡಿದೆ. ಅವರು ನಿಮ್ಮ ಬಾಯಿಂದ ಬರಲಿ ಎಂದು ಕಾಯುತ್ತಿದ್ದಾರೆ.

—

ಯಳಂದೂರು
29 ಮಾರ್ಚ್ 2024

ಮುತ್ತಯ್ಯನವರಿಗೆ,

ಟಿಕ್ಕು ನನ್ನದು.

ಎರಡು ತಿಂಗಳು ಈ ಒಂದು ಸಾಲಿಗೆ ಹಿಡಿಯಿತು. ಇನ್ನು ಉಳಿದದ್ದನ್ನೂ ಬರೆದುಬಿಡುತ್ತೇನೆ, ನಿಲ್ಲಿಸಿದರೆ ಮತ್ತೆ ಬರೆಯಲಾರೆ.

15ರ ಮಧ್ಯಾಹ್ನ ಆ ಕಾಗದ ಕಚೇರಿಗೆ ಹೋಗಬೇಕಿತ್ತು. ಮೂವರಿಗೆ ಹೇಳಿದ್ದೆ. ನೀವು ರಜೆಯಲ್ಲಿದ್ದಿರಿ. ಮುತ್ತಣ್ಣ ಬಂದ ಕೂಡಲೇ ಹೇಳಿದರಾಯಿತು, ಅದಕ್ಕೇನು ಮಹಾ ಎಂದು ಟಿಕ್ಕು ಹಾಕಿ ಕಳಿಸಿದೆ.

17ಕ್ಕೆ ನೀವು ಬಂದಿರಿ. ಮೊದಲು ನನ್ನ ರೂಮಿಗೇ ಬಂದದ್ದನ್ನು ನೀವು ಬರೆಯಲಿಲ್ಲ, ಮರೆತಿರೋ ನನ್ನ ಮುಖ ಉಳಿಸಲೆಂದು ಬಿಟ್ಟಿರೋ ಗೊತ್ತಿಲ್ಲ. ನನ್ನ ಮೇಜಿನ ಮೇಲೆ ಕೌದಳ್ಳಿಯ ಅವರೆಕಾಯಿಯ ಗಂಟು ಇಟ್ಟಿರಿ. ಸೊಗಡು ಚೆನ್ನಾಗಿದೆ, ಹಿಚುಕಿ ಸಾರು ಮಾಡಿಸಿ ಎಂದಿರಿ. ನಿಮ್ಮ ಅಕ್ಕನ ಮಕ್ಕಳ ಜಗಳದ ಕಥೆ ಹೇಳಿದಿರಿ, ಇಬ್ಬರೂ ನಕ್ಕೆವು. ಹತ್ತು ನಿಮಿಷ ಎದುರಿಗೆ ನಿಂತಿದ್ದಿರಿ, ನನಗೆ ನೆನಪಾಗಲಿಲ್ಲ. ನೀವು ಸೈಕಲ್ ಹತ್ತಿ ಹೋದ ಮೇಲೆ ನೆನಪಾಯಿತು. ಅಂದು ಹಾರಾಟವಿದ್ದದ್ದು ಸಂಜೆಯ ಅದೊಂದೇ, ಸಂಜೆ ಹೇಳೋಣ ಎಂದುಕೊಂಡೆ. ಎಲ್ಲವನ್ನೂ ಸಂಜೆಗೆ ಇಟ್ಟುಕೊಳ್ಳುವುದು ನನ್ನ ಬುದ್ಧಿ.

ಇನ್ನೊಂದಿದೆ, ಇದು ವಕೀಲರಿಗೂ ಗೊತ್ತಿಲ್ಲ. ನೀವು "ಅದೆ ಅದೆ" ಎಂದಾಗ ನಿಮ್ಮ ದನಿಯಲ್ಲಿ ಏದುಸಿರಿತ್ತು. ಎರಡು ವರ್ಷದಲ್ಲಿ ನೀವು ಒಂದು ಮಾತನ್ನು ಎರಡು ಸಲ ಹೇಳಿದವರಲ್ಲ. ನನಗೆ ಅದು ಕೇಳಿಸಿತು. ಏನೋ ಸರಿಯಿಲ್ಲ ಅನ್ನಿಸಿತು. ಹೊಸ ತರಬೇತುದಾರರು ನನ್ನ ಹಿಂದೆಯೇ ನಿಂತು, ಹೊಸ ಪ್ರಶ್ನೆ ಹೇಗೆ ಕೇಳುತ್ತಾಳೆ ನೋಡೋಣ ಎಂದು ಕೈಕಟ್ಟಿಕೊಂಡಿದ್ದರು. ಇನ್ನೊಂದು ಸಲ ಕೇಳಿದರೆ ದಡ್ಡಿ ಎನ್ನುತ್ತಾರೆ ಎಂದು ನಾನು ಕೇಳಲಿಲ್ಲ. ಬಿಳಿಗಿರಿಗೆ ಕ್ಲಿಯರ್ ಎಂದೆ. ಅವನು, "ಸರಿ ಅಕ್ಕ" ಎಂದ. ಒಬ್ಬನೇ ಹಾರುವಾಗ ಮಾತ್ರ ನನ್ನನ್ನು ಅಕ್ಕ ಎನ್ನುತ್ತಿದ್ದ, ಹೊರಗೆ ಮೇಡಂ.

ವಿಚಾರಣೆ ಏಪ್ರಿಲ್ ಎಂಟಕ್ಕೆ, ಕೊಳ್ಳೇಗಾಲದ ಪ್ರವಾಸಿ ಮಂದಿರದಲ್ಲಿ. ಟಿಕ್ಕಿನ ವಿಷಯವನ್ನು ಅಲ್ಲಿ ನಾನೇ ಹೇಳುತ್ತೇನೆ. ಹೇಳಿದರೆ ಕೆಲಸ ಹೋಗುತ್ತದೆ, ಲೈಸೆನ್ಸೂ ಹೋಗಬಹುದು, ನಿಮ್ಮ ಜಾಗದಲ್ಲಿ ನನ್ನನ್ನು ನಿಲ್ಲಿಸಬಹುದು. ಹೋಗಲಿ. ಅಲ್ಲಿಯವರೆಗೆ ಈ ಕಾಗದವನ್ನು ನಿಮ್ಮ ವಕೀಲರಿಗೂ ತೋರಿಸಬೇಡಿ. ಬೇರೆಯವರು ಹಿಡಿದುಕೊಟ್ಟರು ಎನ್ನಿಸಿಕೊಳ್ಳದೆ ನಾನಾಗಿ ಹೇಳಬೇಕು. ಇಷ್ಟು ನಂಬಿ.

ಮಾಲಿನಿ

—

ರಾಮಾಪುರ
12 ಏಪ್ರಿಲ್ 2024

ಮಾಲಿನಿ ಅವರಿಗೆ,

ಇದು ರಾಣಿಯ ಕಾಗದ. ಅಪ್ಪ ಹೇಳಿ ಬರೆಸಿದ್ದಲ್ಲ. ಕೊನೆಯ ಒಂದು ಮಾತು ಮಾತ್ರ ಅವರದು.

ನಿಮ್ಮ ಕಾಗದವನ್ನು ವಕೀಲರಿಗೆ ಕೊಡೋಣ ಎಂದು ನಾನು ವಾರವಿಡೀ ಜಗಳವಾಡಿದೆ. ಅವರು ಕೇಳಿಕೊಂಡಿದ್ದಾರೆ, ನಂಬಬೇಕು ಎಂದು ಅಪ್ಪ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಎಂಟನೇ ತಾರೀಕು ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಹೊಸ ಪಂಚೆ ಉಟ್ಟಿದ್ದರು. ದಾರಿಯುದ್ದ ನಿಮ್ಮನ್ನೇ ಹೊಗಳಿದರು. ನಾನು ಕಿಟಕಿಯಾಚೆ ನೋಡುತ್ತ ಕೂತಿದ್ದೆ.

ನಮ್ಮನ್ನು ಒಳಗೆ ಬಿಡಲಿಲ್ಲ. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆವು. ಅಧಿಕಾರಿ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ತಾಲ್ಲೂಕು ಆಫೀಸಿನ ಶಿವಮಲ್ಲಪ್ಪ ಕನ್ನಡದಲ್ಲಿ ಹೇಳುತ್ತಿದ್ದರು. ಎಲ್ಲ ಕೇಳಿಸುತ್ತಿತ್ತು. ರನ್‌ವೇ ಖಾಲಿಯಾ ಎಂದು ಕೇಳಿದಿರಾ? ಹೌದು ಎಂದಿರಿ. ಅವರು ಅದೆ ಎಂದರಾ? ಹೌದು. ಈ ಪಟ್ಟಿ ಕಳಿಸಿದ್ದು ನೀವೇನಾ? ಹೌದು. ಮೂರೂ ನಿಜವೇ. ಪೊಲೀಸರು ಕೇಳಿದಾಗ ನಮ್ಮಪ್ಪ ಹೇಳಿದ್ದೂ ಹೀಗೇ, ಕೇಳಿದ್ದಕ್ಕೆ ಮಾತ್ರ. ಅವರಿಗೆ ಪ್ರಶ್ನೆ ಬದಲಾಗಿದ್ದು ಗೊತ್ತಿರಲಿಲ್ಲ. ನಿಮಗೆ ಎಲ್ಲ ಗೊತ್ತಿತ್ತು.

ಅಪ್ಪ ನನ್ನ ಕೈಹಿಡಿದುಕೊಂಡು, ತಾಳು, ಈಗ ಹೇಳ್ತಾರೆ ಎಂದರು. ಕೊನೆಗೆ ಶಿವಮಲ್ಲಪ್ಪನವರು ಕೇಳಿದರಲ್ಲ, "ಇನ್ನೇನಾರ ಏಳದು ಅದಾ?" ಎಂದು. ಬೆಂಚಿನಲ್ಲಿ ಅಪ್ಪ ಎದ್ದು ನಿಂತರು.

ನೀವು "ಇಲ್ಲ" ಎಂದಿರಿ.

ನಮ್ಮಪ್ಪನಿಗೆ ಆರು ವರ್ಷ ಆ ಮಾತಿನ ಅರ್ಥ ಒಂದೇ. ದಾರಿಯಲ್ಲಿ ಏನೂ ಇಲ್ಲ, ಬರಬಹುದು. ಅವರು ಹಾಗೆಯೇ ಕೂತುಬಿಟ್ಟರು. ನೀವು ಕಂಪನಿಯ ವಕೀಲರ ಜೊತೆ ನಮ್ಮ ಮುಂದೆಯೇ ಹೋದಿರಿ, ನೋಡಲಿಲ್ಲ.

ಅಪ್ಪ ಈಗ ಯಾವುದಕ್ಕೂ ಅದೆ, ಇಲ್ಲ ಅನ್ನುವುದಿಲ್ಲ. ನಿನ್ನೆ ಅಡುಗೆ ಮನೆಯಿಂದ, ನೀರು ಅದಾ ಎಂದು ಕೇಳಿದೆ. ಅವರು ಎದ್ದು ಹೋಗಿ ಕೊಡವನ್ನೇ ಹೊತ್ತು ತಂದು ನನ್ನ ಮುಂದಿಟ್ಟು, ಒಳಗೆ ನೋಡಿಕೋ ಎಂದು ಸನ್ನೆ ಮಾಡಿದರು. ಅಳು ಬಂತು. ನಿಮಗೂ ಬರಲಿ ಎಂದು ಬರೆಯುತ್ತಿದ್ದೇನೆ.

ಅಪ್ಪನ ಮಾತು ಇದು: "ಅವ್ರ ಕಾಗ್ದ ಅವ್ರಿಗೇ ಕಳ್ಸ್ಬುಡು. ನಮ್ತಾವಿದ್ರೆ ನೀನು ಸುಮ್ನಿರಕಿಲ್ಲ." ಬೇಡವೆಂದು ಕಾಲು ಹಿಡಿದೆ, ಕೇಳಲಿಲ್ಲ. ನಿಮ್ಮ ಮಾರ್ಚ್ 29ರ ಕಾಗದ ಇದರ ಜೊತೆಗಿದೆ. ನಾವು ಅದರ ಫೋಟೋ ತೆಗೆದುಕೊಂಡಿಲ್ಲ. ಅಪ್ಪ ತೆಗೆಯಲು ಬಿಡಲಿಲ್ಲ. ಇನ್ನು ನಿಮಗೆ ಹೆದರಿಕೆಯಿಲ್ಲ.

ರಾಣಿ

—

ಯಳಂದೂರು
3 ಜೂನ್ 2024

ಮುತ್ತಯ್ಯನವರಿಗೆ, ರಾಣಿಗೆ,

ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮ ನಂಬಿಕೆ ವಾಪಸು ಬಂದ ಲಕೋಟೆಯನ್ನು ಬೀರುವಿನಲ್ಲಿಟ್ಟು ಏಳು ವಾರ ಸುಮ್ಮನಿದ್ದೆ. ಹೆದರಿಕೆಯಿಲ್ಲ ಎಂದು ರಾಣಿ ಬರೆದದ್ದು ನಿಜವಾಯಿತು, ನನಗೆ ನೆಮ್ಮದಿಯಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಮೇ ಕೊನೆಯಲ್ಲಿ ಪೊಲೀಸರು ನಿಮ್ಮ ಮೇಲೆ ಆರೋಪಪಟ್ಟಿ ಹಾಕುತ್ತಾರೆ ಎಂದು ಗೊತ್ತಾಯಿತು. ಅದೇ ವಾರ ಬಿಳಿಗಿರಿಯ ತಾಯಿ ಪುಟ್ಟಗೌರಮ್ಮ ನಮ್ಮ ಮನೆಗೆ ಬಂದರು. ಇದೇ ಊರಿನಲ್ಲಿ ಎರಡು ಬೀದಿ ಆಚೆ ಅವರ ಅಂಗಡಿ. ಮಗ ಕೊನೆಗೆ ಏನು ಅಂದ ಎಂದು ಕೇಳಿದರು. ಸರಿ ಅಕ್ಕ ಎಂದ, ಎಂದೆ. ನನ್ನನ್ನು ತಬ್ಬಿಕೊಂಡು ಅತ್ತರು. ಹೋಗುವಾಗ ನನ್ನ ಕೆನ್ನೆ ಸವರಿ, "ಆ ಮುದುಕನ್ನ ಸುಮ್ನೆ ಬುಡ್ಬಾರ್ದು ಕಣವ್ವ. ನೀನೇ ನಮ್ಗೆ ಸಾಕ್ಸಿ" ಎಂದರು. 

ಇವತ್ತು ಬೆಳಿಗ್ಗೆ ರಿಜಿಸ್ಟರ್ ಅಂಚೆಯಲ್ಲಿ ವಿಚಾರಣೆಯವರಿಗೆ ಒಂದು, ಕೊಳ್ಳೇಗಾಲದ ಪೊಲೀಸರಿಗೆ ಒಂದು, ಹನೂರಿನ ನಿಮ್ಮ ವಕೀಲರಿಗೆ ಒಂದು ಕಾಗದ ಹಾಕಿದ್ದೇನೆ. ಪುಟ್ಟಗೌರಮ್ಮನವರಿಗೆ ನಾನೇ ಹೋಗಿ ಓದಿ ಹೇಳಿದೆ. ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ವಿಚಾರಣೆಯವರ ವರದಿ ಆಗಲೇ ಮುಗಿದಿದೆಯಂತೆ, ತಿದ್ದುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಗದದ ನಕಲು ಕೆಳಗಿದೆ. ರಾಣಿ, ನಿಮ್ಮಪ್ಪನಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳಿ.

"ವಿಚಾರಣಾಧಿಕಾರಿಗಳಿಗೆ,

ನಾನು ಮಾಲಿನಿ, ನವೆಂಬರ್ 17ರಂದು ರೇಡಿಯೋ ರೂಮಿನಲ್ಲಿದ್ದವಳು. ಪ್ರಶ್ನೆ ಬದಲಾದದ್ದನ್ನು ನಾನು ಮುತ್ತಯ್ಯನವರಿಗೆ ತಿಳಿಸಿರಲಿಲ್ಲ. ತಿಳಿಸದೆಯೇ ತಿಳಿಸಿದೆನೆಂದು ಅವರ ಹೆಸರಿನ ಮುಂದೆ ಗುರುತು ಹಾಕಿದವಳು ನಾನು. ಹಳೆಯ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಸರಿಯಾಗಿತ್ತು. ರನ್‌ವೇಯಲ್ಲಿ ಎಮ್ಮೆ ಇದೆಯೆಂದು ಅವರು ಎರಡು ಸಲ ಹೇಳಿದರು. ಅವರ ದನಿಯಲ್ಲಿ ಗಾಬರಿಯಿದ್ದದ್ದು ಕೇಳಿಸಿಯೂ ನಾನು ಇನ್ನೊಮ್ಮೆ ಕೇಳಲಿಲ್ಲ. ಮಾರ್ಚ್ 29ರಂದು ಅವರಿಗೆ ನಾನು ಬರೆದ ಕಾಗದದ ಮೂಲಪ್ರತಿಯನ್ನು ಲಗತ್ತಿಸಿದ್ದೇನೆ.

ಕೊಳ್ಳೇಗಾಲದಲ್ಲಿ ಕೊನೆಗೆ ನೀವು, ಇನ್ನೇನಾದರೂ ಹೇಳುವುದು ಅದಾ ಎಂದು ಕೇಳಿಸಿದಿರಿ. ನಾನು ಇಲ್ಲ ಎಂದೆ.

ಅದೆ.

ಮಾಲಿನಿ"